ಕುಂಡ ಬದಲಿಸಿದ ಆರ್ಕಿಡ್‌ಗೆ ಗೊಬ್ಬರ ಯಾವಾಗ?

ಮಲೆನಾಡಿನ ಮರಗಳ ಮೇಲೆ ಗೊಂಚಲು ಗೊಂಚಲಾಗಿ ಹೂ ಬಿಡುವ ಸೀತಾಳೆದಂಡೆಯನ್ನು ನೀವು ನೋಡಿರುತ್ತೀರಿ. ಅದೂ ಒಂದು ಆರ್ಕಿಡ್. ಅದಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ. ತೊಗಟೆಯ ಮೇಲೆ ಹರಿದುಬರುವ ಮಳೆನೀರಿನಲ್ಲಿ ಕರಗಿದ ಅಲ್ಪಸ್ವಲ್ಪ ಪೋಷಕಾಂಶವೇ ಅದರ ಆಹಾರ. ನೆರಳು ಪರದೆಯ ಕೆಳಗೆ ಡೆಂಡ್ರೋಬಿಯಂ ಬೆಳೆಯುವ ರೈತರು ಈ ಸಂಗತಿಯನ್ನು ಮರೆಯಬಾರದು.

ಎರಡು ಮೂರು ವರ್ಷಗಳಲ್ಲಿ ಕುಂಡದೊಳಗಿನ ತೆಂಗಿನ ಸಿಪ್ಪೆ ಕೊಳೆತು ಗಾಳಿಯಾಟ ನಿಲ್ಲುತ್ತದೆ. ಆಗ, ಹೂ ಮುಗಿದು ಹೊಸ ಚಿಗುರು ಮೂಡುವ ಸಮಯದಲ್ಲಿ, ಕುಂಡ ಬದಲಿಸಬೇಕಾಗುತ್ತದೆ. ಇದ್ದಲು, ಹೆಂಚಿನ ಚೂರು ಮತ್ತು ಚೆನ್ನಾಗಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯನ್ನು ಬಳಸಿರಿ.

ಅವಸರ ಏಕೆ ಸಲ್ಲದು?

ಗಿಡ ಬೇಗ ಚೇತರಿಸಲೆಂದು ಕೂಡಲೇ ಗೊಬ್ಬರ ಕೊಡುವವರುಂಟು. ಇದರಿಂದ ಹಾನಿಯೇ ಹೆಚ್ಚು. ಕುಂಡ ಬದಲಿಸುವಾಗ ಬೇರುಗಳು ತುಂಡಾಗಿರುತ್ತವೆ. ಗಾಯಗೊಂಡ ಬೇರಿಗೆ ಲವಣದ ನೀರು ತಗುಲಿದರೆ ಅದು ಸುಟ್ಟಂತಾಗಿ ಕೊಳೆಯತೊಡಗುತ್ತದೆ. ಹಣ ಕೊಟ್ಟು ತಂದ ಗಿಡ ಹೀಗೆ ಕೈತಪ್ಪುತ್ತದೆ.

ಮೊದಲ ಮೂರು ನಾಲ್ಕು ದಿನ ಬುಡಕ್ಕೆ ನೀರು ಹಾಕದೆ ಎಲೆಗಳ ಮೇಲೆ ಮಾತ್ರ ತುಂತುರು ಸಿಂಪಡಿಸಿರಿ. ಅನಂತರ ಹಿತಮಿತವಾಗಿ ನೀರು ಕೊಡಿ.

ಗುರುತು ಯಾವುದು?

ಸಾಮಾನ್ಯವಾಗಿ ಮೂರು ನಾಲ್ಕು ವಾರ ಕಾಯಬೇಕು. ಆದರೆ ದಿನ ಎಣಿಸುವುದಕ್ಕಿಂತ ಬೇರು ನೋಡುವುದು ಮೇಲು. ತುದಿ ಹಸಿರಾಗಿರುವ ಹೊಸ ಬಿಳಿ ಬೇರು ಕಾಣಿಸಿ, ಗಿಡವನ್ನು ಮೆಲ್ಲಗೆ ಅಲುಗಾಡಿಸಿದಾಗ ಅದು ಗಟ್ಟಿಯಾಗಿ ನಿಂತಿದ್ದರೆ ಗೊಬ್ಬರ ಆರಂಭಿಸಬಹುದು.

ಕೊಡುವ ಕ್ರಮ

ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರು ನೀರಿಗೆ ಅರ್ಧ ಗ್ರಾಂನಂತೆ ಬೆರೆಸಿ ವಾರಕ್ಕೊಮ್ಮೆ ಕೊಡಿ. ಬೇರು ಬಲಿತ ಮೇಲೆ ಒಂದು ಗ್ರಾಂಗೆ ಏರಿಸಬಹುದು. ಒಣಗಿದ ಕುಂಡಕ್ಕೆ ಗೊಬ್ಬರ ಕೊಡಬಾರದು. ಮೊದಲು ಬರಿ ನೀರಿನಿಂದ ನೆನೆಸಿ, ಬೆಳಗಿನ ಹೊತ್ತಿನಲ್ಲೇ ಕೊಡಿ. ತಿಂಗಳಿಗೊಮ್ಮೆ ಧಾರಾಳವಾಗಿ ಬರಿ ನೀರು ಹಾಯಿಸಿದರೆ ಕುಂಡದಲ್ಲಿ ಉಳಿದ ಲವಣ ತೊಳೆದುಹೋಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಂಡರೆ ಗೊಬ್ಬರ ಹೆಚ್ಚಾಗಿದೆಯೆಂದು ತಿಳಿಯಿರಿ. ಹಸಿ ಸಗಣಿ ಹಾಕಲೇಬೇಡಿ. ಅದು ಗಾಳಿಯ ಸಂದುಗಳನ್ನು ಮುಚ್ಚುತ್ತದೆ.

ಬೇರು ಮೊದಲು, ಗೊಬ್ಬರ ಆಮೇಲೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ನಿಮ್ಮ ಗಿಡ ಉಳಿಯುತ್ತದೆ, ಹೂವೂ ಕೈಗೆ ಬರುತ್ತದೆ.