ಗಡಿಗೆ ಕಂಡೊಡನೆ ಅಗೆಯುವುದನ್ನು ನಿಲ್ಲಿಸಿದವರು

ಇಂಗ್ಲೆಂಡಿನ ನೈಋತ್ಯದ ಸಾಮರ್‌ಸೆಟ್‌ನಲ್ಲಿ ಫ್ರೂಮ್ ಎಂಬ ಊರಿದೆ. 2010ರ ಏಪ್ರಿಲ್‌ನಲ್ಲಿ ಆ ಊರಿನ ಹತ್ತಿರದ ಹೊಲವೊಂದರಲ್ಲಿ ಡೇವ್ ಕ್ರಿಸ್ಪ್ ಎಂಬುವರು ಮೆಟಲ್ ಡಿಟೆಕ್ಟರ್ ಹಿಡಿದು ಸುತ್ತುತ್ತಿದ್ದರು. ಅವರು ಆಸ್ಪತ್ರೆಯಲ್ಲಿ ಅಡುಗೆ ಕೆಲಸದವರು; ಹಳೆಯ ಕಾಸು ಹುಡುಕುವುದು ಬಿಡುವಿನ ಹುಚ್ಚು. ಅದೇ ಹೊಲದಲ್ಲಿ ಸ್ವಲ್ಪ ದಿನ ಮೊದಲು ಅವರಿಗೆ ರೋಮನ್ನರ ಕಾಲದ 62 ಬೆಳ್ಳಿ ನಾಣ್ಯಗಳು ಚೆದುರಿಬಿದ್ದಂತೆ ಸಿಕ್ಕಿದ್ದವು. ಇನ್ನೂ ಇರಬಹುದೇನೋ ಎಂದು ಮತ್ತೆ ಬಂದಿದ್ದರು.

ಈ ಯಂತ್ರದ ಕೆಲಸ ಸರಳ. ತುದಿಯಲ್ಲಿರುವ ತಂತಿಯ ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹಾಯಿಸುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹರಿದು, ಆ ಹರಿವು ಹುಟ್ಟಿಸುವ ಇನ್ನೊಂದು ಕಾಂತಕ್ಷೇತ್ರವನ್ನು ಸುರುಳಿ ಗುರುತಿಸಿ ಸದ್ದು ಮಾಡುತ್ತದೆ. ಬೆಳ್ಳಿಗೂ ತುಕ್ಕು ಹಿಡಿದ ಮೊಳೆಗೂ ಸದ್ದು ಬೇರೆ ಬೇರೆ. ಪಳಗಿದ ಕಿವಿಗೆ ಅದು ಗೊತ್ತಾಗುತ್ತದೆ. ಅವತ್ತು ಕ್ರಿಸ್ಪ್ ಅವರಿಗೆ ಕೇಳಿದ್ದು ಹೌದೋ ಅಲ್ಲವೋ ಎನ್ನುವಂಥ ಗೊಂದಲದ ಸದ್ದು. ಒಂದಡಿಗಿಂತ ತುಸು ಹೆಚ್ಚು ಅಗೆದಾಗ ಜೇಡಿಮಣ್ಣಿನ ಹೆಂಟೆಯಲ್ಲಿ ಪುಟ್ಟ ನಾಣ್ಯವೊಂದು ಬಂತು. ಮತ್ತೊಂದು, ಮಗದೊಂದು. ಇಪ್ಪತ್ತರಷ್ಟು ಬರುವ ಹೊತ್ತಿಗೆ ಕೈಗೆ ಮಡಕೆಯ ಅಂಚು ತಾಗಿತು.

ಅಲ್ಲಿಗೆ ಅವರು ಅಗೆಯುವುದನ್ನು ನಿಲ್ಲಿಸಿದರು. ಗುಂಡಿ ಮುಚ್ಚಿ, ಪುರಾತತ್ವದವರಿಗೆ ತಿಳಿಸಿದರು.

ನನ್ನ ಮಟ್ಟಿಗೆ ಈ ಕಥೆಯ ಸಾಹಸವೆಲ್ಲ ಇರುವುದು ಇಲ್ಲಿಯೇ. ತುಂಬಿದ ಗಡಿಗೆಯ ಬಾಯಿಗೆ ಕೈ ತಾಗಿದ ಮೇಲೂ ಮಣ್ಣು ಮುಚ್ಚಿ ಮನೆಗೆ ಹೋಗುವುದು ಎಷ್ಟು ಮಂದಿಯಿಂದ ಆದೀತು?

ಆಮೇಲೆ ಬಂದ ಪುರಾತತ್ವಜ್ಞ ಅಲನ್ ಗ್ರಹಾಂ ಮೂರು ದಿನ ಆ ಗುಂಡಿಯಲ್ಲಿ ಕುಳಿತರು. ಗಡಿಗೆಯ ಅಗಲ ಸುಮಾರು 45 ಸೆಂಟಿಮೀಟರ್, ಬಾಯಿಗೆ ಚಿಕ್ಕ ಬಟ್ಟಲಿನ ಮುಚ್ಚಳ, ಮೈಯೆಲ್ಲ ಬಿರುಕು. ಒಳಗಿನ ನಾಣ್ಯಗಳ ತೂಕವೇ 160 ಕಿಲೋ. ಎತ್ತಲು ಹೋದರೆ ಚೂರಾಗುತ್ತಿತ್ತು. ಹಾಗಾಗಿ ಇದ್ದಲ್ಲಿಯೇ ಪದರ ಪದರವಾಗಿ ನಾಣ್ಯ ತೆಗೆದು, ಯಾವ ಪದರದ್ದು ಎಂದು ಬರೆದು, ಬೇರೆ ಬೇರೆ ಚೀಲಗಳಿಗೆ ಹಾಕಿದರು. ಬ್ರಿಟಿಷ್ ಮ್ಯೂಸಿಯಂನಲ್ಲಿ ತೊಳೆದು, ಒಣಗಿಸಿ, ಎಣಿಸಿದಾಗ ಸಿಕ್ಕ ಲೆಕ್ಕ 52,503. ಬ್ರಿಟನ್ನಿನಲ್ಲಿ ಒಂದೇ ಪಾತ್ರೆಯಲ್ಲಿ ಇಷ್ಟು ರೋಮನ್ ನಾಣ್ಯ ಸಿಕ್ಕಿದ್ದು ಅದೇ ಮೊದಲು.

ಚಿನ್ನವೆಷ್ಟಿತ್ತು ಎಂದು ಕೇಳಬೇಡಿ, ಒಂದೂ ಇರಲಿಲ್ಲ. ಅಪ್ಪಟ ಬೆಳ್ಳಿಯವು ಐದೇ ಐದು. ಮಿಕ್ಕವೆಲ್ಲ ಕ್ರಿ.ಶ. 3ನೇ ಶತಮಾನದ ಕಳಪೆ ಕಾಸುಗಳು. ಆಗ ರೋಮ್ ದಿವಾಳಿಯ ಅಂಚಿನಲ್ಲಿತ್ತು; ಬೆಳ್ಳಿ ನಾಣ್ಯದ ಹೆಸರಿನಲ್ಲಿ ತಾಮ್ರಕ್ಕೆ ಬೆಳ್ಳಿಯ ಬಣ್ಣವಷ್ಟೇ ಬಳಿದು ಹಂಚುತ್ತಿತ್ತು. ಆ ಐದು ಬೆಳ್ಳಿ ನಾಣ್ಯಗಳು ಕರೌಸಿಯಸ್ ಎಂಬಾತನವು. ಈತ ರೋಮಿನ ನೌಕಾಪಡೆಯ ದಳಪತಿ. 286ರ ಸುಮಾರಿಗೆ ತಿರುಗಿಬಿದ್ದು, ಬ್ರಿಟನ್ನಿಗೂ ಗಾಲ್‌ನ (ಈಗಿನ ಫ್ರಾನ್ಸ್‌ನ) ಉತ್ತರ ಭಾಗಕ್ಕೂ ತಾನೇ ಚಕ್ರವರ್ತಿ ಎಂದು ಸಾರಿಕೊಂಡ. ಏಳು ವರ್ಷ ಆಳಿದ ಮೇಲೆ ಅವನ ಹಣಕಾಸಿನವನೇ ಆದ ಅಲೆಕ್ಟಸ್ ಅವನನ್ನು ಕೊಂದು ಪಟ್ಟವೇರಿದ. ಅಸಲಿ ಚಕ್ರವರ್ತಿಗಳು ತಾಮ್ರ ಹಂಚುವಾಗ ಈ ಬಂಡುಕೋರ ಒಳ್ಳೆಯ ಬೆಳ್ಳಿ ಟಂಕಿಸಿದ್ದ. ಹೊಸದಾಗಿ ಗದ್ದುಗೆ ಹಿಡಿದವನಿಗೆ ಹೆಸರು ಬೇಕಲ್ಲ!

ಗಡಿಗೆಯಲ್ಲಿ ಕರೌಸಿಯಸ್‌ನ ನಾಣ್ಯಗಳು ಒಟ್ಟು 766. ಇಡೀ ರಾಶಿಯಲ್ಲಿ ತೀರಾ ಹೊಸವು ಇವೇ. ಮಕ್ಕಳ ಗೋಲಕದಲ್ಲಿ ಮೊದಲು ಹಾಕಿದ್ದು ತಳದಲ್ಲಿ, ನಿನ್ನೆ ಹಾಕಿದ್ದು ಮೇಲೆ ಇರುತ್ತದಲ್ಲ, ಹಾಗೆ ವರ್ಷವರ್ಷವೂ ಕೂಡಿಟ್ಟ ಗಂಟಾಗಿದ್ದರೆ ಇವು ಮೇಲಿರಬೇಕಿತ್ತು. ಸಿಕ್ಕಿದ್ದು ಹೆಚ್ಚಾಗಿ ಗಡಿಗೆಯ ಕೆಳಗಿನ ಅರ್ಧದಲ್ಲಿ. ಅಂದರೆ ಅಷ್ಟೂ ಹಣ ಒಂದೇ ಸಲಕ್ಕೆ ಸುರಿದದ್ದು. ತೆಳು ಮೈಯ ಆ ಮಡಕೆಯನ್ನು ತುಂಬಿಸಿಕೊಂಡು ಹೊತ್ತು ತರುವಂತಿರಲಿಲ್ಲ. ಮೊದಲು ಗುಂಡಿಯಲ್ಲಿ ಖಾಲಿ ಮಡಕೆ ಇಟ್ಟು, ಸಣ್ಣ ಚೀಲಗಳಲ್ಲೋ ಪಾತ್ರೆಗಳಲ್ಲೋ ತಂದು ಸುರಿದಿರಬೇಕು. ಹೊರತೆಗೆಯಬೇಕೆಂದರೆ ಒಡೆಯದೆ ದಾರಿಯಿಲ್ಲ.

ಇದರಿಂದ ಬ್ರಿಟಿಷ್ ಮ್ಯೂಸಿಯಂನ ಸ್ಯಾಮ್ ಮೂರ್‌ಹೆಡ್, ರೋಜರ್ ಬ್ಲಾಂಡ್ ಮೊದಲಾದ ನಾಣ್ಯತಜ್ಞರಿಗೆ ಹೊಸ ಅನುಮಾನ ಬಂತು. ದಾಳಿಗೆ ಹೆದರಿ ಹೂತ ಹಣ ಇದಲ್ಲದಿರಬಹುದು. ಇಡೀ ಊರೋ ಸಮುದಾಯವೋ ಸೇರಿ ದೇವರಿಗೆ ಒಪ್ಪಿಸಿದ ಕಾಣಿಕೆ ಇರಬಹುದು. ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಕ್ರಿಸ್ಪ್ ಆ ದಿನ ಗಡಿಗೆಯನ್ನು ಬಕೆಟ್ಟಿಗೆ ಬಗ್ಗಿಸಿಕೊಂಡಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. ನಾಣ್ಯಗಳು ಆಗಲೂ 52,503 ಇರುತ್ತಿದ್ದವು. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂಬ ಸುದ್ದಿ ಮಾತ್ರ ಇರುತ್ತಿರಲಿಲ್ಲ.

ಅವರು ನಿಲ್ಲಿಸಿದ್ದು ಬರೀ ಒಳ್ಳೆಯತನದಿಂದಲೇ? ಒಳ್ಳೆಯತನಕ್ಕೆ ಕಾನೂನಿನ ಊರುಗೋಲೂ ಇತ್ತು. ಬ್ರಿಟನ್ನಿನ 1996ರ ನಿಧಿ ಕಾಯ್ದೆಯ ಪ್ರಕಾರ, ಸಿಕ್ಕಿದ್ದನ್ನು 14 ದಿನದೊಳಗೆ ಕರೋನರ್‌ಗೆ ತಿಳಿಸಬೇಕು. ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿಯೇ ನಿಧಿಯ ವಿಚಾರಣೆಯನ್ನೂ ಮಾಡುತ್ತಾನೆ ಎಂಬುದು ಆ ದೇಶದ ತಮಾಷೆಗಳಲ್ಲೊಂದು. ನಿಧಿಯೆಂದು ತೀರ್ಮಾನವಾಗಿ, ಯಾವುದಾದರೂ ವಸ್ತುಸಂಗ್ರಹಾಲಯ ಬೇಕೆಂದರೆ, ತಜ್ಞರ ಸಮಿತಿ ಮಾರುಕಟ್ಟೆ ಬೆಲೆ ಕಟ್ಟುತ್ತದೆ. ಆ ಹಣ ಸಾಮಾನ್ಯವಾಗಿ ಹುಡುಕಿದವರಿಗೂ ಹೊಲದವರಿಗೂ ಸಮಪಾಲು. ಫ್ರೂಮ್‌ನ ಗಡಿಗೆಗೆ ಕಟ್ಟಿದ ಬೆಲೆ 3,20,250 ಪೌಂಡ್. ನಾಣ್ಯಗಳು ಈಗ ಟಾಂಟನ್‌ನ ಸಾಮರ್‌ಸೆಟ್ ವಸ್ತುಸಂಗ್ರಹಾಲಯದಲ್ಲಿವೆ.

ಹಾಗೆಂದು ಅಲ್ಲಿ ಎಲ್ಲರೂ ಕ್ರಿಸ್ಪ್‌ಗಳಲ್ಲ. ರಾತ್ರಿ ಕಳ್ಳತನದಲ್ಲಿ ಹೊಲ ಜಾಲಾಡುವವರಿಗೆ ‘ನೈಟ್‌ಹಾಕ್’ ಎಂಬ ಹೆಸರೇ ಇದೆ. 2015ರಲ್ಲಿ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಅವರು ಅದನ್ನು ತಿಳಿಸದೆ ವ್ಯಾಪಾರಿಗಳಿಗೆ ಮಾರಲು ಹೊರಟರು. ಸುಮಾರು 300 ನಾಣ್ಯ ಇದ್ದಿರಬೇಕೆಂದು ಅಂದಾಜು. ಆಗ ಕೈಗೆ ಬಂದದ್ದು 31. ಫೋನಿನಿಂದ ಅಳಿಸಿದ್ದ ಫೋಟೊಗಳನ್ನು ಪೊಲೀಸರು ಮರಳಿ ತೆಗೆದದ್ದೇ ಸಾಕ್ಷಿಯಾಯಿತು. 2019ರಲ್ಲಿ ಇಬ್ಬರೂ ಜೈಲಿಗೆ ಹೋದರು. ನಷ್ಟ ಬರೀ ಹಣದ್ದಲ್ಲ. ಅದರಲ್ಲಿದ್ದ ಕೆಲವು ನಾಣ್ಯಗಳ ಮೇಲೆ, ಅಂದಿನ ಇಂಗ್ಲೆಂಡಿನ ಎರಡು ರಾಜ್ಯಗಳ ದೊರೆಗಳಾದ ವೆಸೆಕ್ಸ್‌ನ ಆಲ್‌ಫ್ರೆಡ್ ಮತ್ತು ಮರ್ಸಿಯಾದ ಎರಡನೇ ಚೆಯೊಲ್‌ವುಲ್ಫ್ ಇಬ್ಬರೂ ಒಂದೇ ಮಾದರಿಯನ್ನು ಬಳಸಿದ್ದರು. ಆಲ್‌ಫ್ರೆಡ್‌ನ ಆಸ್ಥಾನದ ಬರಹಗಾರರು ವೈಕಿಂಗರ ‘ಕೈಗೊಂಬೆ’ಯಂತೆ ಚಿತ್ರಿಸಿ ಮೂಲೆಗೆ ಸರಿಸಿದ್ದ ಮರ್ಸಿಯಾದ ದೊರೆ, ಆ ನಾಣ್ಯಗಳ ಮೇಲೆ ಆಲ್‌ಫ್ರೆಡ್‌ನ ಸರಿಸಮಾನ ಮಿತ್ರ. ಅಂಥ ಸಾಕ್ಷ್ಯದ ಬಹುಪಾಲು ಯಾರ್‍ಯಾರ ಪೆಟ್ಟಿಗೆ ಸೇರಿತೋ.

ನಮ್ಮಲ್ಲಿ ನಿಧಿ ಎಂದರೆ ನಾಗರಹಾವಿನ ಕಾವಲು, ಅಮಾವಾಸ್ಯೆ, ಅಂಜನ ಹಾಕುವವರು. ಆನೆಗೊಂದಿ ಬಳಿಯ ನವವೃಂದಾವನ ನಡುಗಡ್ಡೆಯಲ್ಲಿ 2019ರ ಜುಲೈನಲ್ಲಿ ನಿಧಿಗಳ್ಳರು ವ್ಯಾಸರಾಜರ ವೃಂದಾವನವನ್ನೇ ಒಡೆದುಹಾಕಿದ್ದರು. ಯತಿಯ ಸಮಾಧಿಯಲ್ಲಿ ಹೊನ್ನು ಎಲ್ಲಿಂದ ಬರಬೇಕು ಎಂದು ಯೋಚಿಸುವ ವ್ಯವಧಾನ ಆ ಗುಂಪಿಗಿರಲಿಲ್ಲ. ನಿಜವಾದ ನಿಧಿಗಳು ಸಿಕ್ಕಿರುವುದು ಮಾಟಮಂತ್ರದಿಂದಲ್ಲ, ಮಣ್ಣು ಕೆಲಸದಿಂದ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಹೊರಬಂದದ್ದು ರೈಲ್ವೆ ಕಾಮಗಾರಿಯಲ್ಲಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳಿದ್ದವು. ಅಲ್ಲಿ ಶಾಸ್ತ್ರೀಯವಾಗಿ ಉತ್ಖನನ ನಡೆದದ್ದರಿಂದ, ಅವು ಶಾತವಾಹನರ ಕಾಲದ ಬದುಕಿನ ನಡುವೆ ಎಲ್ಲಿ ನಿಲ್ಲುತ್ತವೆ ಎಂದು ಹೇಳಲು ಸಾಧ್ಯವಾಯಿತು.

ನಿಧಿಯ ಹಕ್ಕು ಯಾರದೆಂಬ ಪ್ರಶ್ನೆ ನಮಗೂ ಹೊಸತಲ್ಲ. ಭೂದಾನದ ಶಾಸನಗಳು ಅಷ್ಟಭೋಗಗಳನ್ನು ಹೇಳುವಾಗ ನಿಧಿ, ನಿಕ್ಷೇಪಗಳನ್ನೇ ಮೊದಲು ಎಣಿಸುತ್ತವೆ. ಭೂಮಿ ಪಡೆದವನಿಗೆ ಅದರೊಳಗಿನ ಹೊನ್ನೂ ಸೇರಿತ್ತು. ಇಂಗ್ಲಿಷರ ಕಾಲದ 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದಿತು. ಮುಚ್ಚಿಟ್ಟರೆ ಪಾಲೂ ಹೋಗಿ ಜೈಲೂ ಆಗುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ.

1878ರ ಕಾಯ್ದೆ ಹುಡುಕಿದವನ ಮೇಲೆ ತೀರಾ ಕಠಿಣವೇನಲ್ಲ. ವಾರಸುದಾರರಿಲ್ಲದ ನಿಧಿಯನ್ನು ಹಂಚುವಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಜಮೀನಿನವನಿಗೆ. ಎಡವಿರುವುದು ಇನ್ನೊಂದು ಕಡೆ. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಕೊಡಬೇಕಾದ್ದು ವಸ್ತುವಿನಲ್ಲಿರುವ ಲೋಹದ ಬೆಲೆ, ಜೊತೆಗೆ ಅದರ ಐದನೇ ಒಂದು ಭಾಗ. ಚರಿತ್ರೆಗೆ, ಅಪರೂಪಕ್ಕೆ ಆ ಲೆಕ್ಕದಲ್ಲಿ ಕಿಮ್ಮತ್ತಿಲ್ಲ. ಅಪರೂಪಕ್ಕೆ ಹಣ ಕೊಡುವವನು ಕಳ್ಳ ವ್ಯಾಪಾರಿಯೊಬ್ಬನೇ ಆದರೆ ಜನ ಯಾರ ಬಾಗಿಲಿಗೆ ಹೋದಾರು? ಫ್ರೂಮ್‌ನ ಗಡಿಗೆಯನ್ನು ಈ ತಕ್ಕಡಿಯಲ್ಲಿ ತೂಗಿದ್ದರೆ ಕ್ರಿಸ್ಪ್ ಮತ್ತು ಹೊಲದ ಯಜಮಾನ ಇಬ್ಬರೂ ಸೇರಿ ಹಂಚಿಕೊಳ್ಳುತ್ತಿದ್ದುದು 160 ಕಿಲೋ ಹಳೇ ತಾಮ್ರದ ಗುಜರಿ ಬೆಲೆ, ಮೇಲೊಂದಿಷ್ಟು ಕೊಸರು.