ಯಲಹಂಕದ ಮಗ್ಗದ ಮನೆಗಳು

ಮದುವೆ ಗೊತ್ತಾದ ಮೇಲೆ ಸೀರೆಗೆ ಚಿಕ್ಕಪೇಟೆಗೆ ಹೋಗುವುದು ಬೆಂಗಳೂರಿನ ಹಳೆಯ ರೂಢಿ. ಈಚೆಗೆ ಹೆಬ್ಬಾಳ ದಾಟಿ ಯಲಹಂಕದ ದಾರಿ ಹಿಡಿಯುವವರೂ ಕಡಿಮೆಯಿಲ್ಲ. ಅಲ್ಲಿನ ಹಳೇ ಊರಿನ ಬೀದಿಗಳಲ್ಲಿ, ವೆಂಕಟಾಲ, ಕೋಗಿಲು ಕಡೆಯಲ್ಲಿ ಮನೆಯೇ ಅಂಗಡಿ. ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ ಸೀರೆಯ ಮಡಿಕೆ ಬಿಚ್ಚಿ ತೋರಿಸುತ್ತಾರೆ, ಹಿಂದಿನಿಂದಲೋ ಪಕ್ಕದ ಶೆಡ್ಡಿನಿಂದಲೋ ಮಗ್ಗದ ಸದ್ದು ಬರುತ್ತಿರುತ್ತದೆ. ನಡುವೆ ದಲ್ಲಾಳಿಯಿಲ್ಲ, ಹಾಗಾಗಿ ಬೆಲೆಯೂ ಕಡಿಮೆ. ಕೊಳ್ಳುವವರು ಜರಿ ನೋಡುತ್ತಾರೆ, ಸೆರಗು ನೋಡುತ್ತಾರೆ, ಬಣ್ಣವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ಆ ಸದ್ದು ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂದು ಕೇಳುವವರು ಮಾತ್ರ ವಿರಳ. ಯಲಹಂಕದಲ್ಲೂ, ಅದೇ ರಸ್ತೆಯಲ್ಲಿ ಮುಂದೆ ಸಿಗುವ ದೊಡ್ಡಬಳ್ಳಾಪುರದಲ್ಲೂ ಇಂದು ಬಹುಪಾಲು ಸೀರೆ ಇಳಿಯುವುದು ವಿದ್ಯುತ್ ಮಗ್ಗದಿಂದ. ನೂಲು ಅಪ್ಪಟ ರೇಷ್ಮೆಯೇ ಆಗಿರಬಹುದು, ಆದರೆ ಕೈನೇಯ್ಗೆ ಅಲ್ಲ. ಈ ವ್ಯತ್ಯಾಸ ಗೊತ್ತಿದ್ದು ಕೊಳ್ಳಬೇಕು ಎನ್ನುವುದೇ ಈ ಪರಿಚಯದ ಉದ್ದೇಶ.

ಬೆಂಗಳೂರಿನ ಉತ್ತರ ದಿಕ್ಕು ಮೊದಲಿನಿಂದಲೂ ರೇಷ್ಮೆಯ ದಿಕ್ಕು. ಯಲಹಂಕದಿಂದ ದೇವನಹಳ್ಳಿ, ವಿಜಯಪುರ ದಾಟಿ ಶಿಡ್ಲಘಟ್ಟಕ್ಕೆ ಹೋದರೆ ದೇಶದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು ಸಿಗುತ್ತದೆ. ಹಿಪ್ಪುನೇರಳೆ ತೋಟ, ಹುಳು ಮನೆ, ನೂಲು ಬಿಚ್ಚುವ ರೀಲರ್‌ಗಳು, ಹುರಿ ಹಾಕುವವರು, ಬಣ್ಣದವರು, ನೇಕಾರರು ಎಲ್ಲರೂ ಒಂದು ದಿನದ ಓಡಾಟದೊಳಗೆ ಇರುವಂಥ ಪ್ರದೇಶ ಇದು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ಹಚ್ಚಿದ. 1896ರಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿದರು. ಬಸವನಗುಡಿಯ ಪಕ್ಕದ ಬಡಾವಣೆ ಇಂದಿಗೂ ಆ ಹೆಸರನ್ನೇ ಹೊತ್ತಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ ಹೆಬ್ಬಾಳದಲ್ಲಿ ಶುರುವಾದ ಕೃಷಿ ಕ್ಷೇತ್ರವೇ ಮುಂದೆ ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು. ಯಲಹಂಕದ ದಾರಿಯಲ್ಲೇ ಇರುವ ಅದರ ಜಿಕೆವಿಕೆ ಆವರಣದಲ್ಲಿ ಇಂದೂ ರೇಷ್ಮೆ ಕೃಷಿ ಕಲಿಸುತ್ತಾರೆ.

ನೇಯುವವರ ಇತಿಹಾಸವೂ ಹಳೆಯದು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯಲ್ಲಿ ರೇಷ್ಮೆ ನೇಯುತ್ತಿದ್ದ ಪಟ್ಟೆಗಾರರನ್ನೂ ಖತ್ರಿಗಳನ್ನೂ ದಾಖಲಿಸಿದ್ದಾನೆ. ದೇವಾಂಗ, ಪದ್ಮಶಾಲಿ, ಕುರುಹಿನಶೆಟ್ಟಿ, ತೊಗಟ ಸಮುದಾಯಗಳ ಕೈಯಲ್ಲಿ ಈ ಸುತ್ತಿನ ನೇಕಾರಿಕೆ ಬೆಳೆಯಿತು. ಕಬ್ಬನ್‌ಪೇಟೆಯಂಥ ಹಳೇ ಬೀದಿಗಳು ಇಕ್ಕಟ್ಟಾದಂತೆ ಮಗ್ಗಗಳು ಊರ ಹೊರಗಿನ ಬಡಾವಣೆಗಳಿಗೆ ಸರಿದವು.

ಒಂದು ರೇಷ್ಮೆ ಸೀರೆ ಮಗ್ಗಕ್ಕೆ ಏರುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಗೂಡಿನಿಂದ ಬಿಚ್ಚಿದ ಎಳೆಗೆ ಹುಳು ಸುರಿಸಿದ ಅಂಟು ಮೆತ್ತಿಕೊಂಡಿರುತ್ತದೆ. ಆ ನೂಲನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿದಾಗ ಅಂಟು ಬಿಡುತ್ತದೆ, ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯುತ್ತದೆ, ಆಗಲೇ ರೇಷ್ಮೆಗೆ ಹೊಳಪು ಬರುವುದು. ನಂತರ ಬಣ್ಣ. ಆಮೇಲೆ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ಸುತ್ತಬೇಕು. ಸೀರೆಯ ಅಗಲಕ್ಕೆ ಸುಮಾರು ಐದು ಸಾವಿರ ಎಳೆಗಳು ಬೇಕು. ಹಳೇ ಹಾಸು ಮುಗಿಯುತ್ತಿದ್ದಂತೆ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಬೆರಳಲ್ಲೇ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲನ್ನು ಲಾಳಿಯ ಕಂಡಿಕೆಗೆ ಸುತ್ತುವುದು, ಕೆಚ್ಚುವುದು, ಕಡಿದ ಎಳೆ ಹುಡುಕುವುದು ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತದೆ. 2019–20ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ಸಿಕ್ಕ 35.22 ಲಕ್ಷ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಮಹಿಳೆಯರು. ಆದರೂ ನೇಕಾರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಗ್ಗದ ಮುಂದೆ ಕುಳಿತ ಗಂಡಸಿನ ಚಿತ್ರ. ಇದು ಬದಲಾಗಬೇಕು.

ಕೈಮಗ್ಗದ ನಿಜವಾದ ಹೆಚ್ಚುಗಾರಿಕೆ ಕಾಣುವುದು ಸೀರೆಯ ಅಂಚಿನಲ್ಲಿ. ಒಡಲು ಹಸಿರು, ಅಂಚು ಕೆಂಪು ಎಂದುಕೊಳ್ಳಿ. ಒಂದೇ ಲಾಳಿ ಈ ತುದಿಯಿಂದ ಆ ತುದಿಗೆ ಓಡಿದರೆ ಹಸಿರು ಹೊಕ್ಕು ಕೆಂಪು ಹಾಸಿನ ಮೇಲೂ ಹಾಯುತ್ತದೆ. ಆಗ ಅಂಚು ಪೂರ್ತಿ ಕೆಂಪಾಗದೆ ಮಂಕಾಗುತ್ತದೆ, ಓರೆಯಾಗಿ ಹಿಡಿದರೆ ಎರಡು ಬಣ್ಣ ಮಿನುಗುತ್ತದೆ. ಅಂಚು ಅಪ್ಪಟ ಕೆಂಪಾಗಿಯೇ ಉಳಿಯಬೇಕಾದರೆ ಅದಕ್ಕೆ ಅದರದೇ ಹೊಕ್ಕು ಬೇಕು. ಎಡದ ಅಂಚಿಗೊಂದು, ಒಡಲಿಗೊಂದು, ಬಲದ ಅಂಚಿಗೊಂದು ಹೀಗೆ ಮೂರು ಲಾಳಿ. ಒಡಲ ಎಳೆಯೂ ಅಂಚಿನ ಎಳೆಯೂ ಕೂಡುವ ಜಾಗದಲ್ಲಿ ಪ್ರತಿ ಸಲವೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳಬೇಕು. ಒಬ್ಬರ ಕೈ ಸಾಲುವುದಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಒಂದು ಬದಿಯ ಲಾಳಿ ದಾಟಿಸುತ್ತಾರೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಇಂಥ ಅಂಚಿಗೇ ಹೆಸರಾದ ಊರು, ಕಂಚಿಯೂ ಹಾಗೆಯೇ. ಸಾಮಾನ್ಯ ವಿದ್ಯುತ್ ಮಗ್ಗದ ವೇಗಕ್ಕೆ ಈ ಕೊಕ್ಕೆಯ ಕೆಲಸ ಒಗ್ಗುವುದಿಲ್ಲ. ಹಾಗಾಗಿ ಸೀರೆ ಕೊಳ್ಳುವಾಗ ಅಂಚನ್ನು ಮಗುಚಿ ಹಿಂಬದಿ ನೋಡಿ. ಒಡಲಿನ ಬಣ್ಣ ಅಂಚಿನೊಳಗೆ ನುಗ್ಗಿದೆಯೇ, ಕೂಡುವ ಗೆರೆಯಲ್ಲಿ ಎಳೆಗಳು ತಿರುಗಿ ಹಿಂದೆ ಬಂದಿವೆಯೇ ಎನ್ನುವುದು ಕಣ್ಣಿಗೇ ಕಾಣುತ್ತದೆ. ಎಲ್ಲ ಕೈಮಗ್ಗದ ಸೀರೆಗೂ ಮೂರು ಲಾಳಿ ಇರುವುದಿಲ್ಲ ನಿಜ, ಆದರೆ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ.

ಸರಕಾರದ ಮುದ್ರೆಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಹೇಳುವುದು ನೂಲು ರೇಷ್ಮೆ ಎಂಬುದನ್ನು ಮಾತ್ರ. ನೇಯ್ದದ್ದು ಕೈಮಗ್ಗದಲ್ಲಿ ಎನ್ನುವುದಕ್ಕೆ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಮೊದಲನೆಯದನ್ನು ತೋರಿಸಿ ಎರಡನೆಯದರ ಬೆಲೆ ಕೇಳುವವರಿದ್ದಾರೆ. ಮುದ್ರೆಯಲ್ಲದೆ ಕಾನೂನೂ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯಿದೆ ಕೆಲವು ಬಗೆಯ ಬಟ್ಟೆಯನ್ನು, ಅಂಚು ಮತ್ತು ಹೆಚ್ಚುವರಿ ಎಳೆಯ ವಿನ್ಯಾಸವಿರುವ ಸೀರೆಗಳೂ ಸೇರಿದಂತೆ, ಕೈಮಗ್ಗಕ್ಕೇ ಮೀಸಲಿಟ್ಟಿತು. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೊದಲು 22 ಇದ್ದ ಮೀಸಲು ವಸ್ತುಗಳು 1996ರಲ್ಲಿ 11ಕ್ಕೆ ಇಳಿದವು. ಉಳಿದಿರುವುದರ ಜಾರಿಯೂ ಬಿಗಿಯಾಗಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ವಿದ್ಯುತ್ ಮಗ್ಗದವರನ್ನು ಹೀಗಳೆಯುತ್ತಿಲ್ಲ. ಯಲಹಂಕದ ಮಗ್ಗದ ಮನೆಗಳಲ್ಲಿ ಹಲವು ನಿನ್ನೆಯ ಕೈಮಗ್ಗದವರದೇ, ಹೊಟ್ಟೆಪಾಡಿಗೆ ಮೋಟಾರು ಹಾಕಿಸಿಕೊಂಡವರು. ಮೈಸೂರು ಸಿಲ್ಕ್‌ನ ಉದಾಹರಣೆಯೇ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಯಂತ್ರಮಗ್ಗ ತರಿಸಿ ಕಟ್ಟಿದ ಕಾರ್ಖಾನೆ ಅದು. ಹುರಿಗೊಳಿಸಿದ ನೂಲಿನ ಕ್ರೇಪ್ ಮತ್ತು ಚಿನ್ನ ಬೆಳ್ಳಿಯ ಜರಿಯಿಂದಲೇ ಅದು ದೇಶದ ತುಂಬ ಹೆಸರು ಮಾಡಿತು, ಭೌಗೋಳಿಕ ಗುರುತನ್ನೂ ಪಡೆಯಿತು. ಯಂತ್ರದಲ್ಲಿ ನೇಯ್ದದ್ದೆಂದು ಅದರ ಮರ್ಯಾದೆ ಕುಂದಲಿಲ್ಲ. ಯಲಹಂಕದ ಸೀರೆಗೂ ಅದರದೇ ಹೆಸರಿನಲ್ಲಿ ಮರ್ಯಾದೆ ಸಿಗಬೇಕು. ಅದನ್ನು ಕಂಚಿಯೆಂದೋ ಕೈಮಗ್ಗವೆಂದೋ ಮಾರಿದಾಗ ಪೆಟ್ಟು ಬೀಳುವುದು ಕೈಮಗ್ಗದವರು, ವಿದ್ಯುತ್ ಮಗ್ಗದವರು ಇಬ್ಬರ ಹೊಟ್ಟೆಪಾಡಿಗೂ.

ಕೈಮಗ್ಗ ಸೋಲುತ್ತಿರುವುದು ಬೇಡಿಕೆ ಇಲ್ಲದ್ದರಿಂದಲ್ಲ, ಲೆಕ್ಕ ಕೂಡದಿರುವುದರಿಂದ. ಹೆಚ್ಚಿನ ನೇಕಾರರಿಗೆ ನೂಲು, ಜರಿ ಕೊಡುವವರು ಮಾಲೀಕರು. ನೇಯ್ದು ಕೊಟ್ಟ ಸೀರೆಗೆ ಇಷ್ಟು ಎಂದು ಕೂಲಿ. ಜರಿ ಬುಟ್ಟಾ ತುಂಬಿದ ಒಂದು ಸೀರೆಗೆ ವಾರವೋ ಹತ್ತು ದಿನವೋ ಹಿಡಿದರೆ ವಿದ್ಯುತ್ ಮಗ್ಗ ಅದೇ ಹೊತ್ತಿನಲ್ಲಿ ಹಲವು ಸೀರೆ ಇಳಿಸುತ್ತದೆ. ನೂಲಿನ ಪಾಡು ಬೇರೆ. ವೇಗದ ಮಗ್ಗಕ್ಕೆ ಎಲ್ಲೂ ಏರುಪೇರಿಲ್ಲದ ಎಳೆ ಬೇಕಾದ್ದರಿಂದ ಹಾಸಿನ ಎಳೆಗೆ ಚೀನಾದ ರೇಷ್ಮೆ ಬಂತು, ಶಿಡ್ಲಘಟ್ಟದ ಚರಕದ ನೂಲಿಗೆ ಹೊಕ್ಕಿನ ಜಾಗವಷ್ಟೇ ಉಳಿಯಿತು. 2021ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 15ಕ್ಕೆ ಏರಿಸಿದಾಗ ಗೂಡು ಬೆಳೆಯುವ ರೈತರಿಗೆ ಅನುಕೂಲವಾಯಿತು, ಆಮದು ನೂಲನ್ನೇ ನಂಬಿದ ನೇಕಾರರಿಗೆ ಖರ್ಚು ಏರಿತು. ಒಂದೇ ಪ್ರದೇಶದ ಎರಡು ಬಡ ಕಸುಬುಗಳನ್ನು ಹೀಗೆ ಎದುರುಬದುರು ನಿಲ್ಲಿಸದೆ ಇಬ್ಬರಿಗೂ ಬೆಲೆ ಸಿಗುವ ದಾರಿ ಹುಡುಕುವುದು ಸರಕಾರದ ಹೊಣೆ.

ಇದರ ಜೊತೆಗೆ ಜಾಗದ ಸಂಕಟ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಉತ್ತರ ಬೆಂಗಳೂರಿನ ಒಂದೊಂದು ಅಡಿ ನೆಲಕ್ಕೂ ರೊಕ್ಕ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಸಿ ನೇಯುವ ಕುಣಿ ಮಗ್ಗ ಹೂಡಿದರೆ ಅದು ಒಂದು ಇಡೀ ಕೋಣೆಯನ್ನೇ ಹಿಡಿಯುತ್ತದೆ. ಅದೇ ಕೋಣೆಗೆ ತಿಂಗಳ ಬಾಡಿಗೆ ಬರುತ್ತದೆಂದರೆ, ಮಗ ಹೊರಗೆ ದುಡಿದು ತಿಂಗಳ ಸಂಬಳ ತರುತ್ತಾನೆಂದರೆ, ಮಗ್ಗ ಬಿಚ್ಚಿ ಅಟ್ಟಕ್ಕೆ ಏರಿಸಿದವರನ್ನು ದೂರುವುದು ಹೇಗೆ? ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮ 1975ರಿಂದ ಇದೆ, ಅದರ ಪ್ರಿಯದರ್ಶಿನಿ ಮಳಿಗೆಗಳೂ ಇವೆ. ಆದರೆ ಕೂಲಿ ಏರದೆ ಮುಂದಿನ ತಲೆಮಾರು ಕುಣಿಗೆ ಇಳಿಯುವುದಿಲ್ಲ.

ಕೊಳ್ಳುವವರು ಮಾಡಬಹುದಾದ್ದು ಒಂದಿದೆ, ಅದು ಹಿಂದೆ ನಮ್ಮ ಮನೆಗಳಲ್ಲಿ ಇದ್ದದ್ದೇ: ಹೇಳಿ ನೇಯಿಸಿಕೊಳ್ಳುವುದು. ಒಂದು ಸೀರೆಗೆಂದು ಯಾರೂ ಹಾಸು ಹೂಡುವುದಿಲ್ಲ, ಸಾಮಾನ್ಯವಾಗಿ ಒಂದು ಹಾಸಿನಲ್ಲಿ ಹಲವು ಸೀರೆ ಬರುತ್ತವೆ. ಹಾಗಾಗಿ ಒಬ್ಬರೇ ಹೋಗಿ ನನಗೆ ಈ ಬಣ್ಣ ಎಂದರೆ ನೇಕಾರರಿಗೆ ಕಷ್ಟ. ಮದುವೆಗೆ ಮೂರು ನಾಲ್ಕು ತಿಂಗಳು ಮುಂಚೆ ಅಕ್ಕ ತಂಗಿಯರು, ಓರಗಿತ್ತಿಯರು, ಸೋದರತ್ತೆ ಎಲ್ಲ ಸೇರಿ ಒಂದು ಹಾಸು ಒಪ್ಪಿಕೊಂಡರೆ ಆಯಿತು. ಹಾಸಿನ ಬಣ್ಣ ಎಲ್ಲರಿಗೂ ಒಂದೇ ಇರುತ್ತದೆ, ಹೊಕ್ಕು ಬದಲಿಸಿದರೆ ಒಬ್ಬರ ಸೀರೆ ಇನ್ನೊಬ್ಬರದಂತೆ ಕಾಣುವುದಿಲ್ಲ, ಸೆರಗನ್ನೂ ಬೇರೆ ಬೇರೆ ಕೇಳಬಹುದು. ಮುಂಗಡ ಕೊಡುವಾಗ ಮಗ್ಗ ಯಾವುದು, ಹಾಸಿನ ನೂಲು ಎಲ್ಲಿಯದು, ಜರಿಯಲ್ಲಿ ಬೆಳ್ಳಿ ಎಷ್ಟು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.