ಹವಾಯಿ ದ್ವೀಪದ ಕಬ್ಬಿಗೆ ಬಂದ ಹೊಸ ತಿಗಣೆ

ಕಬ್ಬು ಬೆಳೆಯುವ ಜಮೀನುದಾರರು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳ ಹೆಸರನ್ನು ಕೇಳಿರಬಹುದು. ಅಲ್ಲಿನ ಕಟ್ಟಕಡೆಯ ದೊಡ್ಡ ಸಕ್ಕರೆ ಕಾರ್ಖಾನೆಯು 2016ನೆಯ ಇಸವಿಯಲ್ಲಿ ಮುಚ್ಚಿಹೋಯಿತು. ಆದರೆ ನೂರು ವರ್ಷಗಳ ಹಿಂದೆ ಆ ದ್ವೀಪಗಳಲ್ಲಿ ಕಬ್ಬೇ ಮುಖ್ಯ ಬೆಳೆಯಾಗಿದ್ದಿತು. ಅಲ್ಲಿ ನಡೆದ ಸಂಗತಿಯು ನಮ್ಮ ಬತ್ತದ ಗದ್ದೆಗೂ ಸಂಬಂಧಪಟ್ಟುದಾದ ಕಾರಣ ಇಲ್ಲಿ ವಿವರಿಸಲಾಗಿದೆ.

1900ನೆಯ ಇಸವಿಯ ಸುಮಾರಿಗೆ ಅಲ್ಲಿನ ಕಬ್ಬಿನಲ್ಲಿ ಅದುವರೆಗೆ ಯಾರೂ ಕಾಣದಿದ್ದ ಒಂದು ಜಿಗಿಹುಳು ಕಾಣಿಸಿಕೊಂಡಿತು. ಇದು ತನ್ನ ಮೊಟ್ಟೆಗಳನ್ನು ಗರಿಯ ನಡುದಿಂಡಿನೊಳಗೂ ರವದಿಯೊಳಗೂ ಹುದುಗಿಸಿ ಇಡುತ್ತದೆ. ಆದಕಾರಣ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಿಂದ ತಂದ ಬಿತ್ತನೆಯ ತುಂಡುಗಳೊಡನೆ ಬಂದಿರಬೇಕೆಂದು ತಜ್ಞರು ಊಹಿಸಿದರು. 1903ರಲ್ಲಿ ಕರ್ಕಾಲ್ಡಿ ಎಂಬ ವಿದ್ವಾಂಸರು ಅದಕ್ಕೆ ‘ಪರ್ಕಿನ್ಸಿಯೆಲ್ಲ ಸ್ಯಾಕರಿಸಿಡ’ ಎಂದು ನಾಮಕರಣ ಮಾಡಿದರು. ಅಷ್ಟರಲ್ಲಿ ತೋಟಗಳೇ ಒಣಗತೊಡಗಿದ್ದವು. 1904ರಲ್ಲಿ ಪರ್ಕಿನ್ಸ್ ಮತ್ತು ಕೋಬೆಲ್ ಎಂಬಿಬ್ಬರು ಆಸ್ಟ್ರೇಲಿಯಕ್ಕೆ ಹೋಗಿ, ಹುಳುವಿನ ಮೊಟ್ಟೆಯೊಳಗೆ ಬೆಳೆಯುವ ಅತಿ ಸಣ್ಣ ಕಣಜಗಳನ್ನು ತಂದರು. ಇವುಗಳಿಂದ ಬಹಳ ಉಪಕಾರವಾಯಿತು. ಆದರೂ ಮಳೆ ಹೆಚ್ಚಾಗಿ ಬೀಳುವ ಕೆಲವು ಸೀಮೆಗಳಲ್ಲಿ ಹುಳುವಿನ ಕಾಟವು ಆಗಾಗ್ಗೆ ಮರುಕಳಿಸುತ್ತಲೇ ಇದ್ದಿತು.

ಬಳಿಕ ಮ್ಯೂರ್ ಎಂಬ ಕೀಟಶಾಸ್ತ್ರಜ್ಞರು ಕ್ವೀನ್ಸ್‌ಲೆಂಡಿನ ಕಬ್ಬಿನಲ್ಲಿ ಒಂದು ಪುಟ್ಟ ತಿಗಣೆಯನ್ನು ಗಮನಿಸಿದರು. ಅದಕ್ಕೆ 1896ರಲ್ಲಿಯೇ ಶಾಸ್ತ್ರೀಯ ನಾಮವು ದೊರೆತಿದ್ದಿತು. ಈಗ ಅದನ್ನು ‘ಟಿಟ್ಥಸ್ ಮುಂಡುಲಸ್’ ಎನ್ನುತ್ತಾರೆ. ಇದು ಸೇರಿದ ‘ಮಿರಿಡ್’ ಎಂಬ ಕುಲದ ತಿಗಣೆಗಳಲ್ಲಿ ಬಹುಪಾಲು ಗಿಡದ ರಸವನ್ನು ಹೀರತಕ್ಕವು. ನಮ್ಮ ಕರಾವಳಿಯ ಗೇರುತೋಟಗಳಲ್ಲಿ ಚಿಗುರನ್ನು ಕಪ್ಪಾಗಿಸುವ ಚಹಾ ಸೊಳ್ಳೆಯೂ ಇದೇ ಕುಲದ್ದು, ಹೆಸರು ಸೊಳ್ಳೆಯಾದರೂ! ಇಂಥ ಕುಲದ ಕೀಟವನ್ನು ಬುದ್ಧಿಪೂರ್ವಕವಾಗಿ ಹೊಸ ದ್ವೀಪಕ್ಕೆ ತರುವುದೆಂದರೆ ಅಳುಕು ಸಹಜವೇ. ಆದರೆ ಮ್ಯೂರರು ನೋಡಿದುದೇನೆಂದರೆ, ಈ ತಿಗಣೆಯು ಕಬ್ಬಿನ ಗರಿಯೊಳಕ್ಕೆ ಸೊಂಡಿಲನ್ನು ಚುಚ್ಚುವುದು ರಸಕ್ಕಾಗಿ ಅಲ್ಲ, ಅಲ್ಲಿ ಹುದುಗಿರುವ ಜಿಗಿಹುಳುವಿನ ಮೊಟ್ಟೆಗಾಗಿ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತೆರನಾಗಿ ತೋರುವುವು. ಇದನ್ನು ನಿಶ್ಚಯಮಾಡಿಕೊಂಡ ಮೇಲೆಯೇ 1920ರಲ್ಲಿ ತಿಗಣೆಯನ್ನು ಹವಾಯಿಗೆ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಅದು ನೆಲೆಸಿ ಹಬ್ಬಿತು. ಜಿಗಿಹುಳುವಿನ ಬಾಧೆಯು ಅಡಗಿತು.

ನಮ್ಮ ಬತ್ತದ ಗದ್ದೆಗಳಲ್ಲಿ ಇದರ ದಾಯಾದಿಯೊಂದಿದೆ. ಮೈ ಹಸುರು, ತಲೆ ಕಪ್ಪು, ಉದ್ದ ಸುಮಾರು 3 ಮಿಲಿಮೀಟರು, ಮೀಸೆ ನೀಳ. ಇದು ಕಂದು ಜಿಗಿಹುಳುವಿನ ಮೊಟ್ಟೆಗಳನ್ನೂ ಮರಿಗಳನ್ನೂ ಹೀರಿ ಕೊಲ್ಲುತ್ತದೆ. ಪೈರಿನ ಬುಡದಲ್ಲಿ ಇದನ್ನು ಕಂಡು, ಇದೇ ಪೀಡೆಯೆಂದು ತಿಳಿದು ಔಷಧ ಹೊಡೆಯುವವರುಂಟು. ಹಾಗೆ ಮಾಡಿದರೆ ತಿಗಣೆ ಸಾಯುತ್ತದೆ, ತೆಂಡೆಯೊಳಗಿನ ಮೊಟ್ಟೆ ಉಳಿಯುತ್ತದೆ. ಜಿಗಿಹುಳು ಮೊದಲಿಗಿಂತಲೂ ಹೆಚ್ಚುತ್ತದೆ.

ಆದಕಾರಣ ಗ್ರಾಮದ ಮುಖಂಡರು, ತಮ್ಮ ಊರಿನ ಬೆಳೆಯಲ್ಲಿ ಅಪರಿಚಿತ ತಿಗಣೆಯು ಕಂಡುಬಂದರೆ ಔಷಧಕ್ಕೆ ಮುಂಚೆ ಅದನ್ನು ಗುರುತಿಸಲು ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸಿಕೊಡತಕ್ಕದ್ದು. ಹತ್ತಾರು ಹುಳುಗಳಾದರೂ ಇರಬೇಕು. ಒಂದೇ ಒಂದು ಹುಳುವಿನಿಂದ ಜಾತಿಯನ್ನು ನಿರ್ಣಯಿಸುವುದು ಅನೇಕ ವೇಳೆ ಸಾಧ್ಯವಾಗದು. ಬೆರಳಿನಿಂದ ಹಿಡಿದರೆ ಕಾಲು ಮೀಸೆಗಳು ಉದುರಿಹೋಗುವುವು. ಒದ್ದೆ ಕುಂಚದ ತುದಿಯಿಂದ ಎತ್ತಿ, ಸ್ಪಿರಿಟ್ಟು ತುಂಬಿದ ಸಣ್ಣ ಸೀಸೆಯಲ್ಲಿ ಹಾಕಬೇಕು. ಗ್ರಾಮ, ಬೆಳೆ, ತಾರೀಖು, ಗಿಡದ ಯಾವ ಭಾಗದಲ್ಲಿ ಏನು ಮಾಡುತ್ತಿದ್ದಿತೆಂಬುದು, ಇಷ್ಟನ್ನೂ ಚೀಟಿಯಲ್ಲಿ ಬರೆದು ಸೀಸೆಯೊಳಗೇ ಇಡತಕ್ಕದ್ದು. ಚೀಟಿಯನ್ನು ಸೀಸದಕಡ್ಡಿಯಿಂದಲೇ ಬರೆಯಬೇಕು. ಶಾಯಿಯು ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.